ಓಟಿಗೆ ನೋಟು: ದುಡ್ಡು ತಗೊಂಡವರು ಕೊಟ್ಟ ಮಾತು ಉಳಿಸಿಕೊಳ್ಳೋದು ಯಾಕೆ?

ನೆಲಮಾತು:

ಪಂಚಾಯಿತಿ ಚುನಾವಣೆ ಹತ್ತಿರ ಬಂತೆಂದರೆ ಜಾಥಾ, ಗೋಡೆಬರಹ, ಬೀದಿನಾಟಕ ಶುರುವಾಗುತ್ತವೆ. ಎಲ್ಲದರ ಸಾರ ಒಂದೇ: ಮತ ಮಾರಿಕೊಳ್ಳೋದು ಪಾಪ, ಮಾರಿಕೊಂಡವರಿಗೆ ನೀತಿಯಿಲ್ಲ. ಆ ಸಾರದಲ್ಲೇ ತಪ್ಪಿದೆ ಅನ್ನೋದು ನನ್ನ ವಾದ. ಈ ಕೆಲಸಕ್ಕೆ ಇಳಿಯುವ ಸಂಘದವರು ಓದಲಿ ಅಂತಲೇ ಈ ಚರ್ಚೆ ತೆರೆದಿದ್ದೇನೆ.

ಕತ್ತಲ ರಾತ್ರಿಯ ಲೆಕ್ಕ ನೋಡಿ. ಮತದಾನದ ಹಿಂದಿನ ರಾತ್ರಿ, ದೀಪ ಆರಿದ ಮೇಲೆ ಬಾಗಿಲು ತಟ್ಟುತ್ತಾರೆ. ಬಂದವನು ಅದೇ ಕೇರಿಯವನು, ಮದುವೆಗೂ ಸಾವಿಗೂ ನಿಂತವನು. ದುಡ್ಡಿನ ಕವರ್ ಕೈಗಿಡುವ ಮೊದಲು ದೇವರ ಪಟದ ಮುಂದೆ ದೀಪ ಮುಟ್ಟಿಸುತ್ತಾನೆ, ಇಲ್ಲವೇ ಮಂಜುನಾಥನ ಹೆಸರಲ್ಲಿ ಮಾತು ತಗೋತಾನೆ. ಬೆಳಗ್ಗೆ ಮತಗಟ್ಟೆಯ ರಟ್ಟಿನ ಮರೆಯ ಹಿಂದೆ ಮತದಾರ ಒಬ್ಬನೇ. ಕೊಟ್ಟವನಿಗೆ ಅಲ್ಲಿ ಕಣ್ಣಿಲ್ಲ. ಇದು ಬರೀ ವ್ಯಾಪಾರವಾಗಿದ್ದರೆ ದುಡ್ಡು ಇಟ್ಟುಕೊಂಡು ಮನಸಿಗೆ ಬಂದ ಗುರುತಿಗೆ ಹಾಕಿ ಬರೋದೇ ಲಾಭ. ಆದರೂ ಎಷ್ಟೋ ಜನ ಹಾಗೆ ಮಾಡಲ್ಲ. "ಅವರ ಉಪ್ಪು ತಿಂದಿದ್ದೀವಿ" ಅಂತಾರೆ.

ನೀತಿ ಇರುವುದರಿಂದಲೇ ಕವರ್ ಕೆಲಸ ಮಾಡುತ್ತದೆ ಅನ್ನೋದಕ್ಕೆ ಪುರಾವೆಯೂ ಇದೆ. ದಕ್ಷಿಣ ಅಮೆರಿಕದ ಪರಾಗ್ವೆಯ ಹಳ್ಳಿಗಳಲ್ಲಿ ಅರ್ಥಶಾಸ್ತ್ರಜ್ಞರಾದ ಫ್ರೆಡೆರಿಕೊ ಫಿನಾನ್ ಮತ್ತು ಲಾರಾ ಶೆಕ್ಟರ್ ಮಾಡಿ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಉಪಕಾರಕ್ಕೆ ಪ್ರತ್ಯುಪಕಾರ ಮಾಡುವ ಗುಣ ಯಾರಲ್ಲಿ ಹೆಚ್ಚು ಅಂತ ದುಡ್ಡಿನ ಆಟದ ಮೂಲಕ ಅಳೆದರು. ಮಧ್ಯವರ್ತಿಗಳು ದುಡ್ಡು ಕೊಡಲು ಆರಿಸಿಕೊಂಡಿದ್ದು ಅಂಥವರನ್ನೇ. ಊರಿನಲ್ಲಿ ಋಣ ಮರೆಯದವರು ಯಾರು ಅಂತ ಅವರಿಗೆ ಚೆನ್ನಾಗಿ ಗೊತ್ತು.

ಹಾಗಾಗಿ "ನಿಮಗೆ ನೀತಿಯಿಲ್ಲ" ಅಂತ ಬೈಯುವ ಗೋಡೆಬರಹ ಆ ಮನುಷ್ಯನಿಗೆ ತಾಕುವುದೇ ಇಲ್ಲ. ತಾನು ಮಾತು ಉಳಿಸಿಕೊಂಡವನು ಅಂತ ಅವನ ಮನಸ್ಸಿನಲ್ಲಿದೆ.

ಬಯಲುಸೀಮೆ:

ವಿಶ್ಲೇಷಣೆ ಒಪ್ಪುತ್ತೇನೆ ಸರ್. ಆದರೆ ಪರಿಹಾರ ಇಷ್ಟೊಂದು ಸುತ್ತಿ ಹುಡುಕಬೇಕಾ? "ದುಡ್ಡು ತಗೊಳ್ಳಿ, ಮತ ಮಾತ್ರ ಆತ್ಮಸಾಕ್ಷಿಗೆ ಹಾಕಿ" ಅಂತ ಹೇಳಿದರೆ ಮುಗೀತು. ಜನ ಹೇಗೂ ತಗೋತಾರೆ. ತಗೋಬೇಡಿ ಅಂದರೆ ಬಡವರ ಹೊಟ್ಟೆ ಮೇಲೆ ಹೊಡೆದ ಹಾಗೆ ಕೇಳಿಸುತ್ತದೆ.

ಮನಶ್ಶೋಧ:

ಬಯಲುಸೀಮೆಯವರು ಹೇಳುವ ಘೋಷಣೆಯನ್ನು ಫಿಲಿಪೀನ್ಸ್‌ನಲ್ಲಿ ಸಂಶೋಧಕರು ಪ್ರಯೋಗ ಮಾಡಿಯೇ ನೋಡಿದ್ದಾರೆ. 2013ರ ಸ್ಥಳೀಯ ಚುನಾವಣೆ, ಸೊರ್ಸೊಗಾನ್ ನಗರ. ಮತದಾರರನ್ನು ಚೀಟಿ ಎತ್ತಿದ ಹಾಗೆ ಗುಂಪು ಮಾಡಿದರು. ಒಂದು ಗುಂಪಿಗೆ "ದುಡ್ಡು ತಗೊಳ್ಳಲ್ಲ ಅಂತ ಮಾತು ಕೊಡ್ತೀರಾ?" ಅಂತ ಕೇಳಿದರು. ಇನ್ನೊಂದಕ್ಕೆ "ತಗೊಂಡರೂ ಆತ್ಮಸಾಕ್ಷಿಗೇ ಹಾಕ್ತೀನಿ ಅಂತ ಮಾತು ಕೊಡ್ತೀರಾ?" ಅಂತ. ಮತ ಮಾರಾಟವಾಯಿತೋ ಇಲ್ಲವೋ ಅಂತ ನೇರವಾಗಿ ಕೇಳದೆ, ಮೊದಲು ಮೆಚ್ಚಿದ್ದ ಅಭ್ಯರ್ಥಿಯನ್ನು ಬಿಟ್ಟು ಕೊನೆಗೆ ಬೇರೆಯವರಿಗೆ ಹಾಕಿದರಾ ಅಂತ ನೋಡಿ ಅಳೆದರು. ಮೊದಲ ಮಾತು ಕೆಲಸ ಮಾಡಿತು. ಅತಿ ಕಡಿಮೆ ದುಡ್ಡು ಓಡಾಡುವ ಹುದ್ದೆಯ ಚುನಾವಣೆಯಲ್ಲಿ ಮತ ಮಾರಾಟ 10.9 ಶೇಕಡಾ ಪಾಯಿಂಟ್ ಇಳಿಯಿತು. ಎರಡನೆಯ ಮಾತಿನ ಪರಿಣಾಮ ಅದಕ್ಕಿಂತ ತೀರಾ ಕಡಿಮೆ.

ಕಾರಣ ಊಹಿಸೋದು ಕಷ್ಟವಲ್ಲ. ದುಡ್ಡು ಕೈಗೆ ಬರುವ ಮುಂಚೆ "ನಾನು ಗಟ್ಟಿ ಇರ್ತೀನಿ" ಅನ್ನೋದು ಸುಲಭ. ಕವರ್ ಮನೆಯೊಳಗೆ ಬಂದ ಮೇಲೆ ಋಣದ ಭಾರ ಶುರುವಾಗುತ್ತದೆ. ಆ ಭಾರ ಎಷ್ಟಿರುತ್ತದೆ ಅಂತ ನಾವೆಲ್ಲ ಕಡಿಮೆ ಅಂದಾಜು ಮಾಡುತ್ತೇವೆ.

ಒಂದನ್ನು ಗಮನಿಸಿ: ದುಡ್ಡಿನ ಮೊತ್ತ ದೊಡ್ಡದಾದ ಕಡೆ ಮೊದಲ ಮಾತಿನ ಪರಿಣಾಮವೂ ಕುಗ್ಗಿತು. ಅಂದರೆ ವಿಧಾನಸಭೆ ಚುನಾವಣೆಗಿಂತ ಪಂಚಾಯಿತಿ ಮಟ್ಟದಲ್ಲಿ ಈ ಕೆಲಸಕ್ಕೆ ಜಾಗ ಹೆಚ್ಚು.

ಬಯಲುಸೀಮೆ:

ಹಾಗಾದರೆ ಉಗಾಂಡದ ಫಲಿತಾಂಶಕ್ಕೆ ಏನು ಹೇಳ್ತೀರಿ? ಅದು ನನ್ನ ಮಾತಿನ ಕಡೆಗೇ ವಾಲುತ್ತದೆ.

ನೆಲಮಾತು:

ಸರಿಯಾದ ಪ್ರಶ್ನೆ. ಓದುವವರಿಗಾಗಿ ಹಿನ್ನೆಲೆ ಹೇಳುತ್ತೇನೆ. 2016ರ ಚುನಾವಣೆಗೆ ಮುಂಚೆ ಉಗಾಂಡದಲ್ಲಿ ಮತಖರೀದಿ ವಿರುದ್ಧ ಬಹಳ ದೊಡ್ಡ ಅಭಿಯಾನ ನಡೆಯಿತು. ಸುಮಾರು 12 ಲಕ್ಷ ಮತದಾರರು, 2,796 ಹಳ್ಳಿಗಳು ಆ ಅಧ್ಯಯನದ ವ್ಯಾಪ್ತಿಯಲ್ಲಿದ್ದವು. ಊರ ಸಭೆ ಕರೆದು, ಚರ್ಚಿಸಿ, ನಮ್ಮೂರಲ್ಲಿ ಮತ ಮಾರಾಟಕ್ಕಿಲ್ಲ ಅಂತ ಊರಿನವರೇ ಒಟ್ಟಾಗಿ ನಿರ್ಣಯ ಮಾಡುವುದು ಅದರ ತಿರುಳು. ಕೊನೆಗೆ ದುಡ್ಡು ಹಂಚುವುದು ಹೇಳಿಕೊಳ್ಳುವಂತೆ ಕಡಿಮೆಯಾಗಲಿಲ್ಲ. ಆದರೆ ದುಡ್ಡು ತಗೊಂಡೂ ತಮಗೆ ಬೇಕಾದವರಿಗೆ ಮತ ಹಾಕುವವರು ಹೆಚ್ಚಿದರು. ಅಧಿಕಾರದಲ್ಲಿದ್ದವರಿಗೆ ನಷ್ಟ, ಎದುರಾಳಿಗಳಿಗೆ ಲಾಭ ಆಯಿತು.

ಎರಡೂ ನಿಜವಾಗಲು ಸಾಧ್ಯ. ನನ್ನ ಓದು ಹೀಗೆ: ಫಿಲಿಪೀನ್ಸ್‌ನಲ್ಲಿ ಮಾತು ಕೊಟ್ಟವನು ಒಬ್ಬನೇ, ತನ್ನ ಮನೆಯಲ್ಲಿ, ಸಮೀಕ್ಷೆಗೆ ಬಂದವರ ಎದುರು. ಅವನು ದುಡ್ಡು ತಗೊಂಡು ಬೇರೆಯವರಿಗೆ ಹಾಕಿದರೆ ಕೇರಿಯ ಕಣ್ಣಲ್ಲಿ ಮಾತಿಗೆ ತಪ್ಪಿದವನೇ. ಉಗಾಂಡದಲ್ಲಿ ಊರೇ ಸೇರಿ "ಈ ದುಡ್ಡಿಗೆ ಋಣವಿಲ್ಲ" ಅಂದುಬಿಟ್ಟಿತು. ಋಣ ಹುಟ್ಟೋದು ನಾಲ್ಕು ಜನರ ಕಣ್ಣೆದುರು. ಹರಿಯಬೇಕಾದರೂ ನಾಲ್ಕು ಜನರ ಎದುರೇ ಹರಿಯಬೇಕು. ಈ ಚರ್ಚೆಯಲ್ಲಿ ನಾನು ಹೇಳಬೇಕೆಂದಿರೋದು ಇಷ್ಟೇ, ಉಳಿದದ್ದೆಲ್ಲ ಅದನ್ನು ಮಾಡುವ ವಿಧಾನ.

ಹೇಮಾವತಿದಂಡೆ:

ನಮ್ಮ ಕೆಲಸ ಮಹಿಳಾ ಸ್ವಸಹಾಯ ಸಂಘಗಳ ಜೊತೆ. ಸೀರೆ, ಕುಕ್ಕರ್, ಅರಿಶಿನ ಕುಂಕುಮದ ಹೆಸರಲ್ಲಿ ಬಾಗಿನ, ಧರ್ಮಸ್ಥಳ ಪ್ರವಾಸ, ಇವೆಲ್ಲ ಬರೋದು ಹೆಣ್ಣುಮಕ್ಕಳ ಮೂಲಕವೇ. ಬಾಗಿನವನ್ನು ಲಂಚ ಅಂತ ಯಾರೂ ಅಂದುಕೊಳ್ಳಲ್ಲ. ಮುತ್ತೈದೆಗೆ ಕೊಟ್ಟಿದ್ದು, ಬೇಡ ಅನ್ನಬಾರದು ಅನ್ನೋ ಭಾವನೆ ಇದೆ. ಅಣ್ಣ, ಇಂಥ ಕಡೆ ಎಲ್ಲಿಂದ ಶುರು ಮಾಡೋದು? ಹಂತ ಹಂತವಾಗಿ ಹೇಳಿ.

ಮನಶ್ಶೋಧ:

ಅಕ್ಕ, ಹಂತಕ್ಕೆ ಹೋಗುವ ಮುಂಚೆ ಮಾಡಬಾರದ ಒಂದು ಕೆಲಸ ಹೇಳಿಬಿಡುತ್ತೇನೆ, ಯಾಕೆಂದರೆ ಹತ್ತರಲ್ಲಿ ಒಂಬತ್ತು ಪೋಸ್ಟರ್ ಇದನ್ನೇ ಮಾಡುತ್ತವೆ. "ಇಂದು ಎಲ್ಲರೂ ಮತ ಮಾರಿಕೊಳ್ಳುತ್ತಿದ್ದಾರೆ, ಎಚ್ಚೆತ್ತುಕೊಳ್ಳಿ" ಅಂತ ಬರೆಯಬೇಡಿ. ಓದಿದವರ ತಲೆಯಲ್ಲಿ ಉಳಿಯೋದು ಮೊದಲ ಅರ್ಧ ಮಾತ್ರ.

ಅಮೆರಿಕದ ಅರಿಜೋನದಲ್ಲಿ ಶಿಲೆಯಾದ ಮರಗಳ ರಾಷ್ಟ್ರೀಯ ಉದ್ಯಾನವಿದೆ. ಬಂದವರು ಚೂರು ಎತ್ತಿಕೊಂಡು ಹೋಗೋದು ಅಲ್ಲಿನ ತೊಂದರೆ. ಮನೋವಿಜ್ಞಾನಿ ರಾಬರ್ಟ್ ಚಾಲ್ಡೀನಿ ಮತ್ತು ಸಂಗಡಿಗರು ದಾರಿಯಲ್ಲಿ ಗುರುತು ಹಾಕಿದ ಚೂರುಗಳನ್ನಿಟ್ಟು, ಫಲಕ ಬದಲಿಸುತ್ತಾ ಎಣಿಸಿದರು. "ಹಿಂದೆ ಬಂದ ಬಹಳ ಜನ ತಗೊಂಡು ಹೋಗಿದ್ದಾರೆ, ಕಾಡು ಹಾಳಾಗುತ್ತಿದೆ" ಅನ್ನೋ ಅರ್ಥದ ಫಲಕವಿದ್ದಾಗ ಶೇ 7.92 ಚೂರು ಕಳುವಾದವು. "ದಯವಿಟ್ಟು ತಗೊಂಡು ಹೋಗಬೇಡಿ" ಅಂತ ಮಾತ್ರ ಇದ್ದಾಗ ಶೇ 1.67. ಎಲ್ಲರೂ ಮಾಡುತ್ತಾರೆ ಅಂತ ಗೋಳಾಡಿದರೆ, ಮಾಡೋದು ಸಹಜ ಅಂತ ನಾವೇ ಹೇಳಿಕೊಟ್ಟ ಹಾಗೆ.

ಇದರ ಜೊತೆಗೆ ಇನ್ನೊಂದು ಇದೆ. ಕೇರಿಯಲ್ಲಿ ಬಹಳ ಜನ ಮನಸ್ಸಿನೊಳಗೆ ಇದು ಸರಿಯಲ್ಲ ಅಂದುಕೊಂಡಿರುತ್ತಾರೆ, ಆದರೆ ಹಾಗೆ ಅಂದುಕೊಂಡಿರೋದು ತಾನೊಬ್ಬಳೇ ಅಂತ ಪ್ರತಿಯೊಬ್ಬರೂ ತಿಳಿದಿರುತ್ತಾರೆ. ಸೌದಿ ಅರೇಬಿಯದ ರಿಯಾದ್‌ನಲ್ಲಿ ಸಂಶೋಧಕರು ಗಂಡಸರನ್ನು ಸುಮಾರು 30 ಜನರ ಗುಂಪುಗಳಾಗಿ ಕೂರಿಸಿ, ಹೆಂಗಸರು ಹೊರಗೆ ದುಡಿಯೋದಕ್ಕೆ ನಿಮ್ಮ ಒಪ್ಪಿಗೆಯಿದೆಯಾ, ಈ ಕೋಣೆಯಲ್ಲಿ ಎಷ್ಟು ಜನರಿಗೆ ಒಪ್ಪಿಗೆಯಿರಬಹುದು ಅಂತ ಎರಡು ಪ್ರಶ್ನೆ ಕೇಳಿದರು. ಹೆಚ್ಚಿನವರು ಒಪ್ಪುತ್ತಿದ್ದರು, ಆದರೆ ಉಳಿದವರು ಒಪ್ಪಲ್ಲ ಅಂದುಕೊಂಡಿದ್ದರು. ಕೋಣೆಯ ನಿಜವಾದ ಲೆಕ್ಕ ತಿಳಿಸಿದ ಗುಂಪಿನಲ್ಲಿ ಹೆಂಡತಿಯ ಹೆಸರನ್ನು ಉದ್ಯೋಗ ಸೇವೆಗೆ ಬರೆಸಿದವರು ಶೇ 32, ತಿಳಿಸದ ಗುಂಪಿನಲ್ಲಿ ಶೇ 23. ಯಾರ ಮನಸ್ಸನ್ನೂ ಅವರು ಬದಲಿಸಲಿಲ್ಲ, ಅಕ್ಕಪಕ್ಕದವರ ಮನಸ್ಸನ್ನು ತೋರಿಸಿದರು, ಅಷ್ಟೇ.

ನಿಮ್ಮ ಸಂಘದ ಸಭೆಗೆ ಈ ವಿಧಾನ ಹೇಳಿ ಮಾಡಿಸಿದ ಹಾಗಿದೆ. 15–20 ಜನ ಇರುತ್ತೀರಿ, ಒಬ್ಬರಿಗೊಬ್ಬರು ಗೊತ್ತು.

ನೆಲಮಾತು:

ಹೇಮಾವತಿ ಅಕ್ಕ, ಸಭೆ ಹೀಗೆ ನಡೆಸಬಹುದು.

ಹತ್ತು ನಿಮಿಷ ಎಣಿಕೆ. ಎಲ್ಲರಿಗೂ ಒಂದೊಂದು ಹುಣಸೆ ಬೀಜ, ಒಂದೊಂದು ಹುರುಳಿಕಾಳು ಕೊಡಿ. ಬಾಯಿ ಸಣ್ಣಗಿರುವ, ಒಳಗೆ ಕಾಣದ ಎರಡು ತಂಬಿಗೆ ಇಡಿ. "ಮತಕ್ಕೆ ಅಂತ ಬಾಗಿನ ಕೊಡೋದು ಸರಿಯಲ್ಲ ಅನ್ನಿಸಿದರೆ ಮೊದಲ ತಂಬಿಗೆಗೆ ಹುಣಸೆ ಬೀಜ ಹಾಕಿ, ತಪ್ಪೇನಿಲ್ಲ ಅನ್ನಿಸಿದರೆ ಹುರುಳಿ ಹಾಕಿ. ಉಳಿದದ್ದನ್ನು ಎರಡನೆಯದಕ್ಕೆ ಹಾಕಿಬಿಡಿ." ಕೈಯಲ್ಲಿ ಏನೂ ಉಳಿಯಬಾರದು, ಉಳಿದರೆ ಪಕ್ಕದವಳು ನೋಡುತ್ತಾಳೆ. ಎಣಿಸುವ ಮುಂಚೆ ಕೇಳಿ: "ಮೊದಲ ತಂಬಿಗೆಯಲ್ಲಿ ಎಷ್ಟು ಹುಣಸೆ ಬೀಜ ಇರಬಹುದು?" ಹೇಳಿದ ಸಂಖ್ಯೆಗಳನ್ನು ಬರೆದಿಡಿ. ಆಮೇಲೆ ಎಲ್ಲರೆದುರು ಸುರಿದು ಎಣಿಸಿ. ಊಹಿಸಿದ್ದಕ್ಕೂ ಸುರಿದದ್ದಕ್ಕೂ ಅಂತರ ಕಂಡರೆ ಭಾಷಣ ಮಾಡಬೇಡಿ, ಅವರೇ ಮಾತಾಡಲಿ.

ಎಚ್ಚರಿಕೆ: "ತಪ್ಪೇನಿಲ್ಲ" ಅನ್ನುವವರೇ ಹೆಚ್ಚು ಬಂದರೆ ಈ ವಿಧಾನ ಆ ಗುಂಪಿನಲ್ಲಿ ತಿರುಗುಬಾಣ. ಹಾಗಾಗಿ ಎಲ್ಲ ಸಂಘಗಳಲ್ಲಿ ಮಾಡುವ ಮುಂಚೆ ಎರಡು ಮೂರು ಸಂಘಗಳಲ್ಲಿ, ಎಲ್ಲರೆದುರು ಸುರಿಯದೆ, ಎಣಿಸಿ ನೋಡಿ.

ಆಮೇಲೆ ಮಾತು ಕೊಡುವ ಭಾಗ. "ನಾವು ಭ್ರಷ್ಟಾಚಾರ ವಿರೋಧಿಸುತ್ತೇವೆ" ಅನ್ನೋ ಪ್ರತಿಜ್ಞೆಗೆ ಬೆಲೆಯಿಲ್ಲ.

ಮನಶ್ಶೋಧ:

ಆ ಕೊನೆಯ ಸಾಲನ್ನು ಸ್ವಲ್ಪ ಬಿಡಿಸುತ್ತೇನೆ. ಮನೋಭಾವ ಅಳೆದು ನಡವಳಿಕೆ ಊಹಿಸಲು ಹೋದವರು ಹಲವು ದಶಕ ಸೋತಿದ್ದು ಇಲ್ಲೇ. 1969ರಲ್ಲಿ ಮನೋವಿಜ್ಞಾನಿ ಅಲನ್ ವಿಕರ್ ಅಲ್ಲಿಯವರೆಗಿನ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಮನೋಭಾವಕ್ಕೂ ನಡತೆಗೂ ನಂಟು ತೀರಾ ಸಡಿಲ ಅಂತ ಕಂಡಿತು. ಆಮೇಲೆ ಫಿಶ್‌ಬೈನ್ ಮತ್ತು ಐಜೆನ್ ಅನ್ನೋ ಮನೋವಿಜ್ಞಾನಿಗಳು ಗುರುತಿಸಿದ ತಪ್ಪು ಇದು: ಮನೋಭಾವವನ್ನು ಸಾಮಾನ್ಯ ಮಟ್ಟದಲ್ಲಿ ಕೇಳಿ, ನಡತೆಯನ್ನು ಒಂದು ನಿರ್ದಿಷ್ಟ ಗಳಿಗೆಯಲ್ಲಿ ನೋಡುತ್ತಾರೆ. ಎರಡೂ ಒಂದೇ ಅಳತೆಯಲ್ಲಿರಬೇಕು. ಯಾವ ಕೆಲಸ, ಯಾರ ಕುರಿತು, ಎಲ್ಲಿ, ಯಾವಾಗ, ಈ ನಾಲ್ಕೂ ಪ್ರಶ್ನೆಯಲ್ಲೂ ಇರಬೇಕು, ಪ್ರತಿಜ್ಞೆಯಲ್ಲೂ ಇರಬೇಕು.

"ಲಂಚ ತಪ್ಪೇ?" ಅಂದರೆ ಎಲ್ಲರೂ ತಪ್ಪು ಅಂತಾರೆ, ಅದರಿಂದ ಏನೂ ತಿಳಿಯಲ್ಲ. "ಮತದಾನದ ಹಿಂದಿನ ರಾತ್ರಿ ನಿಮ್ಮ ಕೇರಿಯವರೇ ಬಾಗಿಲಿಗೆ ಬಂದು ಕವರ್ ಕೊಟ್ಟರೆ ಏನು ಹೇಳ್ತೀರಿ?" ಅಂತ ಕೇಳಿ. ಆಗ ಉತ್ತರ ಚೆದುರುತ್ತದೆ, ಮುಖ ಬದಲಾಗುತ್ತದೆ. ಕೆಲಸ ಇರೋದು ಅಲ್ಲಿ.

ನೆಲಮಾತು:

ಹಾಗಾಗಿ ಪ್ರತಿಜ್ಞೆಯಲ್ಲಿ ಬಾಗಿಲಿಗೆ ಬಂದವನಿಗೆ ಹೇಳುವ ಮಾತೇ ಇರಬೇಕು. "ರಾತ್ರಿ ಯಾರಾದರೂ ಕವರ್ ತಂದರೆ, ನಮ್ಮ ಸಂಘದಲ್ಲಿ ಎಲ್ಲರೂ ಸೇರಿ ಬೇಡ ಅಂದುಕೊಂಡಿದ್ದೀವಿ, ನಾನೊಬ್ಬಳೇ ತಗೊಂಡರೆ ಅವರ ಮುಖ ನೋಡೋಕಾಗಲ್ಲ ಅಂತ ಹೇಳ್ತೀನಿ." ಈ ವಾಕ್ಯದ ಬಲ ಇರೋದು "ನಮ್ಮ ಸಂಘದಲ್ಲಿ" ಅನ್ನೋದರಲ್ಲಿ. ಬಂದವನ ಮುಖಕ್ಕೆ ಹೊಡೆದ ಹಾಗೂ ಆಗಲ್ಲ, ನಾಳೆ ಅವನ ಮನೆಯ ನಾಮಕರಣಕ್ಕೆ ಹೋಗಲು ಸಂಕೋಚವೂ ಇರಲ್ಲ. ಬೇಡ ಅಂದವರ ಮೇಲೆ ಕೇರಿಯಲ್ಲಿ ದ್ವೇಷ ಬೆಳೆಯದ ಹಾಗೆ ನೋಡಿಕೊಳ್ಳೋದು ನಮ್ಮ ಹೊಣೆ.

ಇಬ್ಬಿಬ್ಬರನ್ನು ಎದುರುಬದುರು ನಿಲ್ಲಿಸಿ, ಒಬ್ಬಳು ಕವರ್ ಕೊಡುವವಳು, ಇನ್ನೊಬ್ಬಳು ಬೇಡ ಅನ್ನುವವಳು ಅಂತ ಜೋರಾಗಿ ಹೇಳಿಸಿ. ಬಾಯಿಗೆ ಬಂದ ಮಾತು ರಾತ್ರಿ ಹನ್ನೊಂದಕ್ಕೂ ಬರುತ್ತದೆ. ಬರೀ ಕಾಗದಕ್ಕೆ ಸಹಿ ಹಾಕಿಸಿದರೆ ಬರಲ್ಲ.

ಕಾನೂನುಕಟ್ಟೆ:

ಕಾನೂನಿನ ಕಡೆಯಿಂದ ನಾಲ್ಕು ಮಾತು. ಸಭೆಗಳಲ್ಲಿ ತಪ್ಪು ಮಾಹಿತಿ ಹರಿದಾಡುತ್ತದೆ.

ಚುನಾವಣಾ ಲಂಚ ಭಾರತೀಯ ನ್ಯಾಯ ಸಂಹಿತೆಯ 170ನೇ ಕಲಮಿನಲ್ಲಿದೆ, ಶಿಕ್ಷೆ 173ರಲ್ಲಿ: ಒಂದು ವರ್ಷದವರೆಗೆ ಜೈಲು, ಅಥವಾ ದಂಡ, ಅಥವಾ ಎರಡೂ. ಊಟ, ಹೆಂಡ, ಮನರಂಜನೆ ರೂಪದ ಲಂಚಕ್ಕೆ ದಂಡ ಮಾತ್ರ. 2024ರ ಜುಲೈ 1ಕ್ಕೆ ಮುಂಚೆ ಇವು ದಂಡ ಸಂಹಿತೆಯ 171ಬಿ ಮತ್ತು 171ಇ ಆಗಿದ್ದವು. ಕೊಟ್ಟವನಷ್ಟೇ ಅಲ್ಲ, ತಗೊಂಡವನೂ ಅಪರಾಧಿ. ಇದನ್ನು ಹೇಳಿ ಹೆದರಿಸಬೇಡಿ, ಹೆದರಿದವರು ದೂರು ಕೊಡೋದನ್ನೇ ಬಿಡುತ್ತಾರೆ. ಇದು ಅಸಂಜ್ಞೇಯ ಅಪರಾಧ. ಮ್ಯಾಜಿಸ್ಟ್ರೇಟರ ಅನುಮತಿಯಿಲ್ಲದೆ ಪೊಲೀಸರು ತನಿಖೆಗೆ ಇಳಿಯುವಂತಿಲ್ಲ. ಸ್ಥಳದಲ್ಲೇ ಹಿಡಿದುಕೊಟ್ಟರೂ ಪ್ರಕರಣ ನಿಧಾನವಾಗೋದು ಇದರಿಂದಲೇ.

ಆಣೆಯ ವಿಷಯ ಮುಖ್ಯ. ಪ್ರಜಾಪ್ರತಿನಿಧಿ ಕಾಯ್ದೆ 1951ರ 123(2)ರಲ್ಲಿ, ದೇವರ ಅವಕೃಪೆಗೆ ಗುರಿಯಾಗುತ್ತೀರಿ ಅಂತ ಮತದಾರರನ್ನು ನಂಬಿಸೋದು "ಅನುಚಿತ ಪ್ರಭಾವ". ಅಭ್ಯರ್ಥಿ, ಅವರ ಏಜೆಂಟ್ ಅಥವಾ ಅವರ ಒಪ್ಪಿಗೆಯಿಂದ ಬೇರೆಯವರು ಮಾಡಿದ್ದು ಸಾಬೀತಾದರೆ ಆಯ್ಕೆಯೇ ರದ್ದಾಗಬಹುದು. ಇದು ಲೋಕಸಭೆ, ವಿಧಾನಸಭೆಗೆ ಅನ್ವಯ. ಪಂಚಾಯಿತಿಗೆ ರಾಜ್ಯದ ಪ್ರತ್ಯೇಕ ಕಾಯ್ದೆಯಿದೆ. ಒಪ್ಪಂದ ಕಾಯ್ದೆ 1872ರ 23ನೇ ಕಲಮಿನ ಪ್ರಕಾರ ಕಾನೂನುಬಾಹಿರ ಉದ್ದೇಶದ ಒಪ್ಪಂದವೇ ಅಸಿಂಧು. ನ್ಯಾಯದ ಕಣ್ಣಲ್ಲಿ ಆ ಮಾತು ಮಾತೇ ಅಲ್ಲ.

ಚುನಾವಣಾ ಅಕ್ರಮದ ದೂರು ಕೊಡುವ ಸಿ-ವಿಜಿಲ್ ಆ್ಯಪ್ ಬಗ್ಗೆ: ಆ್ಯಪ್ ಒಳಗಿನಿಂದಲೇ ಫೋಟೊ ಅಥವಾ ಎರಡು ನಿಮಿಷದ ವಿಡಿಯೊ ತೆಗೆಯಬೇಕು, ಗ್ಯಾಲರಿಯಲ್ಲಿರೋದನ್ನು ಹಾಕಲಾಗಲ್ಲ. ತೆಗೆದ ಐದು ನಿಮಿಷದೊಳಗೆ ಕಳುಹಿಸಬೇಕು. ಹೆಸರು ಹೇಳದೆಯೂ ಕಳುಹಿಸಬಹುದು, ಆಗ ಮುಂದೇನಾಯಿತು ಅಂತ ಮಾಹಿತಿ ಬರಲ್ಲ. ಒಟ್ಟು 100 ನಿಮಿಷದಲ್ಲಿ ಕ್ರಮ ಅನ್ನೋದು ಗುರಿ. ಇದು ಭಾರತ ಚುನಾವಣಾ ಆಯೋಗ ನಡೆಸುವ ಚುನಾವಣೆಗಳಿಗೆ ಇರೋದು. ಗ್ರಾಮ ಪಂಚಾಯಿತಿ ಚುನಾವಣೆ ನಡೆಸುವುದು ರಾಜ್ಯ ಚುನಾವಣಾ ಆಯೋಗ, ಅಲ್ಲಿ ತಹಶೀಲ್ದಾರರ ಕಚೇರಿಯ ನಿಯಂತ್ರಣ ಕೊಠಡಿಗೆ ಹೋಗಬೇಕು.

ಬಯಲುಸೀಮೆ:

ಆಣೆ ಅಸಿಂಧು ಅಂತ ಕಲಮು ತೋರಿಸಿದರೆ ದೀಪ ಮುಟ್ಟಿದ ಅಜ್ಜಿ ಒಪ್ಪುತ್ತಾಳಾ ಸರ್? ದೇವರ ಮುಂದೆ ಆಡಿದ ಮಾತಿಗೆ ಕಾನೂನು ಯಾವ ಲೆಕ್ಕ?

ನೆಲಮಾತು:

ಒಪ್ಪಲ್ಲ. ಅಜ್ಜಿಗೆ ಕಲಮು ಹೇಳಬಾರದು, ಆಕೆಯ ನಂಬಿಕೆಯೊಳಗೇ ಇರುವ ದಾರಿ ತೋರಿಸಬೇಕು. ನಮ್ಮಲ್ಲಿ ತಪ್ಪುಕಾಣಿಕೆ ಅನ್ನೋ ಪದ್ಧತಿ ಇದ್ದೇ ಇದೆ. ತಿಳಿಯದೆ ಆಡಿದ ಮಾತಿಗೆ, ಹರಕೆ ತಪ್ಪಿದ್ದಕ್ಕೆ ಕಾಣಿಕೆ ಕಟ್ಟಿಟ್ಟು ಕ್ಷಮೆ ಕೇಳುತ್ತಾರೆ. ಊರ ದೇವಸ್ಥಾನದ ಅರ್ಚಕರೋ, ಗುಡ್ಡಪ್ಪನೋ, ಮಠದ ಸ್ವಾಮಿಗಳೋ, ಊರು ಯಾರ ಮಾತು ಕೇಳುತ್ತದೋ ಅವರ ಬಾಯಲ್ಲಿ, ಹಬ್ಬದ ದಿನ, ಎಲ್ಲರೆದುರು ಎರಡು ವಾಕ್ಯ ಬರಬೇಕು: "ದುಡ್ಡು ಕೊಟ್ಟು ಹಾಕಿಸಿಕೊಂಡ ಆಣೆ ದೇವರಿಗೆ ಸಲ್ಲಲ್ಲ. ಹೆದರಿಕೆಯಿದ್ದವರು ಹನ್ನೊಂದು ರೂಪಾಯಿ ತಪ್ಪುಕಾಣಿಕೆ ಹಾಕಿ ನಿಶ್ಚಿಂತೆಯಿಂದಿರಿ." ಯಾವ ಪಕ್ಷ, ಯಾವ ಅಭ್ಯರ್ಥಿ ಅಂತ ಸೂಚನೆಯೂ ಇರಬಾರದು. ಸ್ವಲ್ಪ ವಾಲಿದರೂ ಅದೇ ಅನುಚಿತ ಪ್ರಭಾವದ ಪ್ರಶ್ನೆಯಾಗುತ್ತದೆ.

ಇದನ್ನು ಮತದಾನಕ್ಕೆ ಎರಡು ಮೂರು ವಾರ ಇರುವಾಗ ಹೇಳಿಸಿ. ದುಡ್ಡು ಹಂಚಿದ ಮೇಲೆ ಹೇಳಿದರೆ ತಗೊಂಡವರನ್ನು ಎಲ್ಲರೆದುರು ಬೈದ ಹಾಗಾಗುತ್ತದೆ.

ಕಾನೂನುಕಟ್ಟೆ:

ಋಣದ ಜೊತೆಗೆ ಹೆದರಿಕೆಯ ಪಾಲನ್ನೂ ಮರೆಯಬೇಡಿ. "ನೀನು ಯಾರಿಗೆ ಹಾಕಿದೆ ಅಂತ ನಮಗೆ ಗೊತ್ತಾಗುತ್ತೆ" ಅನ್ನೋ ಮಾತು ಪ್ರತಿ ಚುನಾವಣೆಯಲ್ಲೂ ಓಡಾಡುತ್ತದೆ. ಯಂತ್ರದ ಬೀಪ್ ಸದ್ದು ಎಲ್ಲ ಗುರುತಿಗೂ ಒಂದೇ. ವಿವಿಪ್ಯಾಟ್ ಚೀಟಿ ಏಳು ಸೆಕೆಂಡ್ ಗಾಜಿನ ಹಿಂದೆ ಕಂಡು ಡಬ್ಬಿಗೆ ಬೀಳುತ್ತದೆ, ಅದರಲ್ಲಿ ಮತದಾರರ ಹೆಸರಿಲ್ಲ. ಮತಗಟ್ಟೆಯ ಕ್ಯಾಮೆರಾ ಮರೆಯ ಒಳಗೆ ಕಾಣದಂತೆ ಇಡಬೇಕು ಅಂತ ನಿಯಮ. ಮತದ ಫೋಟೊ ತೆಗೆದುಕೊಂಡು ಬಾ ಅನ್ನೋರಿದ್ದಾರೆ. ಮೊಬೈಲ್ ಒಳಗೆ ಬಿಡುವಂತಿಲ್ಲ, ಗೋಪ್ಯತೆ ಮುರಿದವರಿಗೆ ಮತ ಹಾಕಲು ಬಿಡದಿರಲು ಚುನಾವಣಾ ನಿಯಮ 49ಎಂ ಇದೆ. "ಫೋನ್ ಒಳಗೆ ಬಿಡಲಿಲ್ಲ" ಅನ್ನೋದು ಮತದಾರರಿಗೆ ಸಿಗುವ ಒಳ್ಳೆಯ ನೆಪ ಕೂಡ.

ಆದರೆ ಒಂದು ನಿಜವನ್ನು ಮುಚ್ಚಿಡಬಾರದು. ಒಬ್ಬರ ಮತ ಗೊತ್ತಾಗಲ್ಲ, ಬೂತಿನ ಮತ ಗೊತ್ತಾಗುತ್ತದೆ. ಫಲಿತಾಂಶದ ಪಟ್ಟಿಯಾದ ನಮೂನೆ 20ರಲ್ಲಿ ಮತಗಟ್ಟೆವಾರು ಲೆಕ್ಕ ಬರುತ್ತದೆ. ಒಂದು ಮತಗಟ್ಟೆಗೆ 1,500 ಇದ್ದ ಮತದಾರರ ಮಿತಿಯನ್ನು 2025ರಲ್ಲಿ 1,200ಕ್ಕೆ ಇಳಿಸಿದ ಮೇಲೆ ಆ ಲೆಕ್ಕ ಇನ್ನಷ್ಟು ಸಣ್ಣ ಗುಂಪಿನದಾಗಿದೆ. 14 ಯಂತ್ರಗಳ ಮತ ಒಟ್ಟಿಗೆ ಕೂಡಿಸಿ ತೋರಿಸುವ ಟೋಟಲೈಸರ್ ಯಂತ್ರಕ್ಕೆ ಚುನಾವಣಾ ಆಯೋಗ 2008ರಲ್ಲೇ ಪ್ರಸ್ತಾವ ಇಟ್ಟಿತ್ತು, ಕಾನೂನು ಆಯೋಗದ 255ನೇ ವರದಿ 2015ರಲ್ಲಿ ಬೆಂಬಲಿಸಿತು. ಇಂದಿಗೂ ಬಂದಿಲ್ಲ.

ಪಂಚಾಯಿತಿಯಲ್ಲಿ ಇದು ಇನ್ನೂ ಬಿಗಿ. ಸುಮಾರು 400 ಜನಸಂಖ್ಯೆಗೆ ಒಬ್ಬ ಸದಸ್ಯ. ಕೆಲವೇ ಮನೆಗಳು ಆಚೀಚೆಯಾದರೆ ಫಲಿತಾಂಶ ತಿರುಗುತ್ತದೆ, ಯಾರ ಮನೆ ಅಂತ ಊಹಿಸೋದೂ ಸುಲಭ. 2020ರ ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಬೀದರ್ ಜಿಲ್ಲೆ ಬಿಟ್ಟರೆ ಉಳಿದೆಡೆ ಮತಪತ್ರವೇ ಇತ್ತು, ಹಾಗಾಗಿ ಬೀಪ್, ವಿವಿಪ್ಯಾಟ್ ಪಾಠ ಹೇಳಿ ಗೊಂದಲ ಮಾಡಬೇಡಿ. ಮತಪತ್ರ ಮಡಚುವುದನ್ನು ಹೇಳಿಕೊಡಿ: ಶಾಯಿ ಇನ್ನೊಂದು ಗುರುತಿಗೆ ಅಂಟದ ಹಾಗೆ ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ.

ಅಂಕಿಗಣ್ಣು:

ಕೆಲಸ ಫಲಿಸಿತೋ ಇಲ್ಲವೋ ಅಂತ ತಿಳಿಯೋದು ಹೇಗೆ ಅಂತ ಯಾರೂ ಕೇಳಲಿಲ್ಲ. "ದುಡ್ಡು ತಗೊಂಡಿರಾ?" ಅಂತ ಕೇಳಿ ವರದಿ ಬರೆಯುವ ಸಂಘಗಳಿವೆ. ಆ ಅಂಕಿಗೆ ಅರ್ಥವಿಲ್ಲ. ನಿಕರಾಗುವಾದ 2008ರ ಸ್ಥಳೀಯ ಚುನಾವಣೆಯ ನಂತರ ನೇರವಾಗಿ ಕೇಳಿದಾಗ ಶೇ 2.4 ಜನ ಹೌದು ಅಂದರು. ಪಟ್ಟಿ ಪ್ರಶ್ನೆಯ ವಿಧಾನದಲ್ಲಿ ಕೇಳಿದಾಗ ಅದು ಶೇ 24 ಆಯಿತು.

ಪಟ್ಟಿ ಪ್ರಶ್ನೆ ಅಂದರೆ: ಜನರನ್ನು ಲಾಟರಿ ಹಾಕಿದ ಹಾಗೆ ಎರಡು ಪಾಲು ಮಾಡಿ. ಮೊದಲ ಪಾಲಿಗೆ ನಾಲ್ಕು ಸಂಗತಿ ಓದಿ: ಪ್ರಚಾರದ ಆಟೊ ಓಣಿಗೆ ಬಂತು, ಅಭ್ಯರ್ಥಿ ಖುದ್ದು ಮನೆಗೆ ಬಂದರು, ನಾವು ಬಹಿರಂಗ ಸಭೆಗೆ ಹೋದೆವು, ನಮ್ಮ ಮನೆಯವರು ಚುನಾವಣೆಗೆ ನಿಂತಿದ್ದರು. ಎರಡನೇ ಪಾಲಿಗೆ ಇವೇ ನಾಲ್ಕರ ಜೊತೆ ಐದನೆಯದು: ಮತ ಕೇಳಿಕೊಂಡು ದುಡ್ಡು ಅಥವಾ ಸಾಮಾನು ಕೊಟ್ಟರು. "ಎಷ್ಟು ನಡೆದವು ಅಂತ ಸಂಖ್ಯೆ ಮಾತ್ರ ಹೇಳಿ, ಯಾವುವು ಅಂತ ಹೇಳಬೇಡಿ." ಮೊದಲ ಪಾಲಿನ ಸರಾಸರಿ 1.9, ಎರಡನೆಯದರದು 2.2 ಬಂತು ಅನ್ನಿ. ವ್ಯತ್ಯಾಸ 0.3, ಅಂದರೆ ಸುಮಾರು ಶೇ 30 ಮನೆಗಳಿಗೆ ಬಂದಿದೆ. ಯಾವ ಮನೆ ಅಂತ ನಮಗೂ ಗೊತ್ತಿಲ್ಲ, ಆ ಭರವಸೆಯಿಂದಲೇ ಜನ ನಿಜ ಹೇಳುತ್ತಾರೆ.

ಎಡವುವ ಜಾಗಗಳು: ನಾಲ್ಕೂ ಎಲ್ಲರಿಗೂ ನಡೆಯುವ ಸಂಗತಿಗಳಾಗಿದ್ದರೆ ತಗೊಂಡವರು "ಐದು" ಅನ್ನಬೇಕಾಗುತ್ತದೆ, ಗುಟ್ಟು ಬಯಲು. ಅದಕ್ಕೇ ಅಪರೂಪದ ಒಂದು ಸೇರಿಸಿದ್ದು. ಓದು ಬರದವರು ಬೆರಳು ಮಡಚಿ ಎಣಿಸುತ್ತಾರೆ, ಯಾವುದಕ್ಕೆ ಮಡಚಿದರು ಅಂತ ಪಕ್ಕದವರಿಗೆ ಕಾಣುತ್ತದೆ. ಕೈಗೆ ಐದು ಕಾಳು ಕೊಟ್ಟು, ಸೆರಗಿನ ಅಡಿಯಲ್ಲಿ ಒಂದು ಕೈಯಿಂದ ಇನ್ನೊಂದಕ್ಕೆ ದಾಟಿಸಲು ಹೇಳಿ. ದೊಡ್ಡ ತೊಂದರೆ ಸಂಖ್ಯೆಯದು. ಉತ್ತರಗಳ ಹರಡು (ಸರಾಸರಿಯಿಂದ ಎಷ್ಟು ಚೆದುರಿವೆ ಅನ್ನೋ ಅಳತೆ) 1ರಷ್ಟಿದ್ದು, ಪ್ರತಿ ಪಾಲಿನಲ್ಲಿ 500 ಜನರಿದ್ದರೆ ಅಂದಾಜಿನ ಆಚೀಚೆ 12 ಪಾಯಿಂಟ್ ಅನಿಶ್ಚಿತತೆ. 1,000 ಮಾಡಿದರೂ ಸುಮಾರು 9. ಒಂದು ಪಂಚಾಯಿತಿಯಲ್ಲಿ ನೂರು ಜನರನ್ನು ಕೇಳಿ "ಶೇ 5 ಇಳಿಯಿತು" ಅನ್ನೋದು ಸುಳ್ಳು ವರದಿ.

ಇನ್ನೊಂದು, ಕಾರ್ಯಕ್ರಮವನ್ನು ಮನೆವಾರು ಹಂಚಬೇಡಿ. ಪಕ್ಕದ ಮನೆಗೆ ಮಾತು ಹರಿದುಬಿಡುತ್ತದೆ. ಊರುವಾರು ಹಂಚಿ. ಆಗ ಒಂದೇ ಊರಿನವರ ಉತ್ತರ ಒಂದರಂತೊಂದು ಇರುತ್ತವೆ, ಅದಕ್ಕೂ ಲೆಕ್ಕ ಇಡಬೇಕು. 40 ಊರುಗಳಲ್ಲಿ ತಲಾ 30 ಜನ, ಒಂದೇ ಊರಿನವರ ಉತ್ತರಗಳ ಹೋಲಿಕೆಯ ಪ್ರಮಾಣ (0 ಅಂದರೆ ಹೋಲಿಕೆಯೇ ಇಲ್ಲ, 1 ಅಂದರೆ ಎಲ್ಲವೂ ಒಂದೇ) 0.05 ಅಂದರೆ 1,200 ಜನರ ಬೆಲೆ ಸುಮಾರು 490 ಜನರಷ್ಟು ಮಾತ್ರ.

ಮನಶ್ಶೋಧ:

ಒಂದು ಸೇರ್ಪಡೆ. ಸಣ್ಣ ಮೊತ್ತವೇ ಮನಸ್ಸನ್ನು ಹೆಚ್ಚು ಬದಲಿಸುತ್ತದೆ ಅಂತ ಮನೋವಿಜ್ಞಾನಿಗಳಾದ ಫೆಸ್ಟಿಂಗರ್ ಮತ್ತು ಕಾರ್ಲ್‌ಸ್ಮಿತ್‌ರ 1959ರ ಪ್ರಯೋಗ ಎತ್ತಿ ವಾದ ಮಾಡುವವರಿದ್ದಾರೆ. ಅಲ್ಲಿ ಬೇಸರದ ಕೆಲಸವನ್ನು ಚೆನ್ನಾಗಿತ್ತು ಅಂತ ಬೇರೆಯವರಿಗೆ ಹೇಳಲು ಒಂದು ಡಾಲರ್ ಪಡೆದವರು, 20 ಡಾಲರ್ ಪಡೆದವರಿಗಿಂತ ಹೆಚ್ಚಾಗಿ ತಾವೇ ಅದನ್ನು ನಂಬಿದರು. ಅದನ್ನು ಇಲ್ಲಿಗೆ ನೇರವಾಗಿ ತರಬೇಡಿ. ಆ ಪರಿಣಾಮಕ್ಕೆ "ನಾನೇ ಇಷ್ಟಪಟ್ಟು ಮಾಡಿದೆ" ಅನ್ನೋ ಭಾವ ಬೇಕು. ರಾತ್ರಿ ಬಾಗಿಲಲ್ಲಿ ನಿಂತ ನೆಂಟನಿಗೆ ಬೇಡ ಅನ್ನಲಾಗದವರಿಗೆ ಆ ಸ್ವಾತಂತ್ರ್ಯ ಎಲ್ಲಿದೆ? ಆದರೆ ಕವರ್ ತಗೊಂಡ ಮೇಲೆ ಆ ಅಭ್ಯರ್ಥಿ ಪರ ನಾಲ್ಕು ಜನರ ಹತ್ತಿರ ಮಾತಾಡಿದವರಲ್ಲಿ ಮನಸ್ಸೂ ಆ ಕಡೆ ತಿರುಗಬಹುದು.

ಬಯಲುಸೀಮೆ:

ಕೊಡುವವರ ಕಡೆಯಿಂದ ಯಾರೂ ಮಾತಾಡಿಲ್ಲ. ಮುಂಬೈ ಚುನಾವಣೆಗಳ ಬಗ್ಗೆ ರಾಜಕೀಯ ವಿಜ್ಞಾನಿ ಸೈಮನ್ ಶೋಶಾರ್ ಮಾಡಿದ ಅಧ್ಯಯನದಲ್ಲಿ ಅಭ್ಯರ್ಥಿಗಳಿಗೂ ದುಡ್ಡು ಮತವಾಗಿ ಬರುತ್ತದೆ ಅನ್ನೋ ಖಾತ್ರಿ ಇರಲಿಲ್ಲ. ಎದುರಾಳಿ ಕೊಡುತ್ತಾನೆ, ನಾವು ಕೊಡದಿದ್ದರೆ ಲೆಕ್ಕಕ್ಕೇ ಇರಲ್ಲ ಅಂತ ಇಬ್ಬರೂ ಕೊಡುತ್ತಾರೆ. ಇಬ್ಬರಿಂದಲೂ ಬಂದಾಗ ಋಣ ಯಾರದು? ಅಲ್ಲಿಗೆ ಋಣದ ಲೆಕ್ಕವೇ ಕಲಸಿಹೋಗುತ್ತದೆ. ನನ್ನ ಘೋಷಣೆಗೆ ಆಗ ಜಾಗ ಇದೆ ಅಂತ ಈಗಲೂ ಅನ್ನುತ್ತೇನೆ. ಒಬ್ಬರೇ ಕೊಡುವ ಕಡೆ ಅದು ಸಾಲದು ಅನ್ನೋದನ್ನು ಒಪ್ಪಿದೆ.

ನೆಲಮಾತು:

ಅದನ್ನು ಒಪ್ಪುತ್ತೇನೆ. ಇನ್ನೊಂದು ಎಚ್ಚರಿಕೆ: ಊರೆಲ್ಲ ಸೇರಿ ಮಾಡಿದ ನಿರ್ಣಯ ಯಾವಾಗಲೂ ಒಳ್ಳೆಯದೇ ಆಗಬೇಕಿಲ್ಲ. 2020ರ ಪಂಚಾಯಿತಿ ಚುನಾವಣೆಯ ಹೊತ್ತಿಗೆ ಬಳ್ಳಾರಿ, ಕಲಬುರಗಿ ಕಡೆ ಸದಸ್ಯ ಸ್ಥಾನಗಳನ್ನೇ ಹರಾಜು ಹಾಕಿದ ಸುದ್ದಿ ಬಂತು. ಅಂಥ ಹರಾಜಿನ ದುಡ್ಡು ದೇವಸ್ಥಾನಕ್ಕೆ ಅಂದರೆ ಊರಿಗೆ ಅದು ಧರ್ಮದ ಕೆಲಸವಾಗಿಯೇ ಕಾಣುತ್ತದೆ. ಸ್ಪರ್ಧಿಸುವ ಹಕ್ಕು, ಆರಿಸುವ ಹಕ್ಕು ಎರಡೂ ಅಲ್ಲೇ ಸತ್ತಿರುತ್ತವೆ. ಹಾಗಾಗಿ ಸಭೆಯ ನಿರ್ಣಯ "ಇಂಥವರಿಗೆ ಹಾಕೋಣ" ಅನ್ನೋ ಕಡೆ ಜಾರಿದರೆ ಸಭೆಯನ್ನು ಅಲ್ಲೇ ನಿಲ್ಲಿಸಿ.

ಹೇಮಾವತಿದಂಡೆ:

ಬಾಗಿನದ ಪ್ರಶ್ನೆ ಹಾಗೇ ಉಳಿಯಿತು ಅಣ್ಣ. ಹಾಗೆಯೇ ಸರ್ಕಾರದ ಗ್ಯಾರಂಟಿ ಯೋಜನೆಗಳೂ ಲಂಚವೇ ಅಲ್ಲವಾ ಅಂತ ಸಭೆಯಲ್ಲಿ ಖಂಡಿತ ಕೇಳುತ್ತಾರೆ.

ಕಾನೂನುಕಟ್ಟೆ:

ಎರಡನೆಯದಕ್ಕೆ ಚಿಕ್ಕ ಉತ್ತರ. ಪ್ರಣಾಳಿಕೆಯ ಭರವಸೆ 123ನೇ ಕಲಮಿನ ಭ್ರಷ್ಟಾಚಾರವಲ್ಲ ಅಂತ 2013ರ ಜುಲೈ 5ರ ಸುಬ್ರಮಣ್ಯಂ ಬಾಲಾಜಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಯೋಜನೆಯ ದುಡ್ಡು ಮತ ಯಾರಿಗೆ ಹಾಕಿದರೂ ಬರುತ್ತದೆ. ಅಲ್ಲಿಗೆ ನಿಲ್ಲಿಸಿ, ಪಕ್ಷಗಳ ಚರ್ಚೆಗೆ ಸಭೆ ಬಲಿಯಾಗಬಾರದು.

ನೆಲಮಾತು:

ಬಾಗಿನ ಬೇಡ ಅನ್ನೋದು ಮುತ್ತೈದೆಗೆ ಕಷ್ಟ, ಅದನ್ನು ಒತ್ತಾಯಿಸಬೇಡಿ. ಬಾಗಿನಕ್ಕೆ ಮರುಬಾಗಿನ ಕೊಡುವ ರೂಢಿ ನಮ್ಮಲ್ಲಿದೆಯಲ್ಲ, ಅದನ್ನೇ ಬಳಸಿ. ಎಲೆ, ಅಡಿಕೆ, ಬಳೆ ಇಟ್ಟುಕೊಂಡು, ಸೀರೆಯೋ ಕುಕ್ಕರೋ ಮೊರದಲ್ಲೇ ಇಟ್ಟು, ಅದರ ಮೇಲೆ ಸಂಘದ ವತಿಯಿಂದ ಒಂದು ತೆಂಗಿನಕಾಯಿ ಇಟ್ಟು ತಂದವರ ಕೈಗೆ ವಾಪಸ್ ಕೊಡಿ. ಕುಂಕುಮಕ್ಕೆ ಅಗೌರವ ಆಗಲ್ಲ, ಋಣವೂ ಅಲ್ಲೇ ತೀರುತ್ತದೆ. ಒಬ್ಬೊಬ್ಬರೇ ಮಾಡಬೇಡಿ, ಐದಾರು ಜನ ಒಟ್ಟಿಗೆ ನಿಂತು ಮಾಡಿ.

ಸಮಯ ಹೀಗೆ ಇಟ್ಟುಕೊಳ್ಳಿ: ಅಧಿಸೂಚನೆ ಬಂದ ವಾರದಲ್ಲಿ ಬೀಜ ಎಣಿಸುವ ಸಭೆ, ಅದರ ಮುಂದಿನ ವಾರ ಬಾಯಿಮಾತಿನ ಅಭ್ಯಾಸ, ಮತದಾನಕ್ಕೆ ಮೂರು ದಿನ ಇರುವಾಗ ಹದಿನೈದು ನಿಮಿಷ ಮತ್ತೆ ಸೇರಿ ಅದೇ ವಾಕ್ಯವನ್ನು ಒಮ್ಮೆ ಹೇಳಿಸಿ. ಕೊನೆಯ ಸಭೆ ಬಿಟ್ಟರೆ ಮೊದಲೆರಡರ ಶ್ರಮ ರಾತ್ರಿಯ ಹೊತ್ತಿಗೆ ಆರಿಹೋಗಿರುತ್ತದೆ.

ಅಂಕಿಗಣ್ಣು:

ಹೇಮಾವತಿ ಅಕ್ಕ, ಮೊದಲ ಸಭೆಗೆ ಮುಂಚೆ ನಿಮ್ಮೂರಿಗೆ ಹೊಂದುವ ನಾಲ್ಕು ಸಂಗತಿ ಬರೆದು ಇಲ್ಲೇ ಹಾಕಿ. ಯಾವುದು ಎಲ್ಲರಿಗೂ ನಡೆಯುವಂಥದು, ಯಾವುದು ಯಾರಿಗೂ ನಡೆಯದ್ದು ಅಂತ ನೋಡಿ ತಿದ್ದಿಕೊಡುತ್ತೇನೆ. ಊರುಗಳ ಪಟ್ಟಿಯನ್ನೂ ಕೊಟ್ಟರೆ ಎರಡು ಪಾಲು ಮಾಡಿಕೊಡುವೆ. ಕಾರ್ಯಕ್ರಮ ಶುರುವಾದ ಮೇಲೆ ಪಾಲು ಮಾಡಲು ಬರಲ್ಲ.